ಉಕ್ಕಿನಂಥ ಪ್ರೊಟೀನ್ ಬೇಡ

ನಮಸ್ಕಾರ.

ಚಳಿಯನ್ನೇ ಇಷ್ಟಪಡುವ ಬ್ಯಾಕ್ಟೀರಿಯಾಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ, ಕಾಗುಣಿತವೂ ಸರಿಯಿದೆ. ಆದರೆ ನಾಲ್ಕನೇ ಪ್ಯಾರಾ ನನ್ನನ್ನು ರೇಗಿಸಿತು. ಉಳಿದದ್ದನ್ನೆಲ್ಲ ಬಿಟ್ಟು ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲ ಸಾಲು: "ಕೊರೆಯುವ ಚಳಿಯನ್ನು ತಡೆಯಲು ಇವುಗಳ ಪ್ರೊಟೀನುಗಳು ಉಕ್ಕಿನಂತೆ ಗಟ್ಟಿಯಾಗಿರುತ್ತವೆ."

ಇದು ಪೂರ್ತಿ ತಲೆಕೆಳಗು. ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೊಟೀನೇ ಕಿಣ್ವ. ಅದು ಕೆಲಸ ಮಾಡಬೇಕಾದರೆ ಸ್ವಲ್ಪ ಅಲುಗಬೇಕು, ಬಾಗಬೇಕು, ಹಿಡಿದದ್ದನ್ನು ಬಿಡಬೇಕು. ಈ ಅಲುಗಾಟಕ್ಕೆ ಶಕ್ತಿ ಬರುವುದು ಶಾಖದಿಂದ. 37 ಡಿಗ್ರಿಯಲ್ಲಿ ಚುರುಕಾಗಿರುವ ಕಿಣ್ವವನ್ನು ಸೊನ್ನೆ ಡಿಗ್ರಿಗೆ ತಂದರೆ ಅದರ ವೇಗ ಸಾಮಾನ್ಯವಾಗಿ ಹತ್ತಾರು ಪಟ್ಟು ಕುಸಿಯುತ್ತದೆ. ಸುತ್ತಲಿನ ನೀರೂ ಎರಡೂವರೆ ಪಟ್ಟು ಮಂದವಾಗಿರುತ್ತದೆ. ಅಂದರೆ ಚಳಿಯಲ್ಲಿ ಪ್ರೊಟೀನಿನ ಕಷ್ಟವೇ ಬಿಗಿತ. ಅದನ್ನು ಇನ್ನಷ್ಟು ಗಟ್ಟಿ ಮಾಡಿದರೆ ಏನು ಲಾಭ?

ಈ ಬ್ಯಾಕ್ಟೀರಿಯಾಗಳ ಕಿಣ್ವಗಳು ಸಡಿಲ. ಪ್ರೊಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಕೊಂಡಿಗಳ ಸರಪಳಿ. ಅದನ್ನು ಬಿಗಿಗೊಳಿಸುವ ಪ್ರೋಲೀನ್ ಎಂಬ ಕೊಂಡಿ ಹಲವು ಕಡೆ ಕಡಿಮೆ. ಅತ್ತಿತ್ತ ಹಲವು ಬಂಧ ಬೆಳೆಸುವ ಆರ್ಜಿನೀನ್ ಕೂಡ ಕಡಿಮೆ. ಹೇಗೆ ಬೇಕಾದರೂ ಬಾಗುವ ಗ್ಲೈಸೀನ್ ಕೆಲವು ಜಾಗಗಳಲ್ಲಿ ಜಾಸ್ತಿ. ಎಲ್ಲ ಕಿಣ್ವದಲ್ಲೂ ಇವೆಲ್ಲ ಇರುವುದಿಲ್ಲ, ಒಂದೊಂದರ ದಾರಿ ಒಂದೊಂದು.

ನೀವು ಇಡೀ ಲೇಖನದಲ್ಲಿ ಒಂದಾದರೂ ಕಿಣ್ವದ ಹೆಸರು ಹೇಳಿಲ್ಲ. ಅಂಟಾರ್ಕ್ಟಿಕಾದ ಸ್ಯೂಡೋಆಲ್ಟೆರೋಮೊನಾಸ್ ಹ್ಯಾಲೋಪ್ಲಾಂಕ್ಟಿಸ್ ಎಂಬ ಬ್ಯಾಕ್ಟೀರಿಯಾದ ಅಮೈಲೇಸ್, ಅಂದರೆ ಪಿಷ್ಟ ಒಡೆಯುವ ಕಿಣ್ವ, ಸಿದ್ಧವಾಗಿ ಕೂತಿದೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಫೆಲ್ಲರ್ ಮತ್ತು ಚಾರ್ಲ್ಸ್ ಗೆರ್ಡೆ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹಂದಿಯ ಅಮೈಲೇಸ್ ತನ್ನ ಮಡಿಕೆ ಕಳೆದುಕೊಂಡು ಬಿಚ್ಚಿಕೊಳ್ಳುವುದು ಸುಮಾರು 66 ಡಿಗ್ರಿಯಲ್ಲಿ. ಇದು ಸುಮಾರು 44ಕ್ಕೇ ಬಿಚ್ಚಿಕೊಳ್ಳುತ್ತದೆ. ಅದಕ್ಕೂ ಮೊದಲೇ ಕೆಲಸ ನಿಲ್ಲಿಸಿರುತ್ತದೆ, ಏಕೆಂದರೆ ಕೆಲಸ ನಡೆಯುವ ಜಾಗವೇ ಇಡೀ ಕಿಣ್ವದಲ್ಲಿ ಶಾಖಕ್ಕೆ ಅತಿ ನಾಜೂಕು. ಇದಲ್ವಾ ನಿಮ್ಮ ಲೇಖನದ ನಡುವೆ ಇರಬೇಕಿದ್ದದ್ದು?

ಎರಡನೇ ಸಾಲು: "ಚಳಿ ಬಂದ ಕೂಡಲೇ ಬ್ಯಾಕ್ಟೀರಿಯಾ ತನ್ನ ಪ್ರೊಟೀನುಗಳನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ."

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ವಿಜ್ಞಾನ ಲೇಖನ ಬಂದರೆ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು ನನ್ನತ್ತ ತಳ್ಳುತ್ತಿದ್ದರು. "ಯಾರು ಮಾಡಿದ್ದು? ಎಷ್ಟು ಹೊತ್ತಿನಲ್ಲಿ?" ಎರಡೇ ಪ್ರಶ್ನೆ. ಉತ್ತರ ಅಂಚಿನಲ್ಲಿ ಬರೆಯುವವರೆಗೆ ಕಾಪಿ ಮುಂದೆ ಹೋಗುತ್ತಿರಲಿಲ್ಲ. ಆಗ ಅವರ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು. ಮನುಷ್ಯ ಒಂದು ದಿನವಾದರೂ ನಕ್ಕಿದ್ದು ನೆನಪಿಲ್ಲ.

ನಿಮ್ಮ ಸಾಲಿಗೆ ಅದೇ ಪ್ರಶ್ನೆ ಕೇಳಿ. ಥಟ್ಟನೆ ಚಳಿ ಬಿದ್ದಾಗ ಬ್ಯಾಕ್ಟೀರಿಯಾ ಏನೂ ಮಾಡುವುದಿಲ್ಲ ಅಂತಲ್ಲ. ಇ. ಕೋಲಿಯಂಥ ಸಾಮಾನ್ಯ ಬ್ಯಾಕ್ಟೀರಿಯಾ ಕೂಡ ಸಿಎಸ್‌ಪಿಎ ಎಂಬ ಪ್ರೊಟೀನನ್ನು ರಾಶಿ ರಾಶಿ ತಯಾರಿಸುತ್ತದೆ. ಅದು ಆರ್‌ಎನ್‌ಎ ಗಂಟುಬೀಳದಂತೆ ನೋಡಿಕೊಳ್ಳುತ್ತದೆ. ಜೀವಕೋಶದ ಪೊರೆಯ ಕೊಬ್ಬು ಗಟ್ಟಿಯಾಗದಂತೆಯೂ ಮಾರ್ಪಾಡು ನಡೆಯುತ್ತದೆ. ಇದು ನಿಮಿಷ, ಗಂಟೆಗಳ ಲೆಕ್ಕ. ಅಮೈಲೇಸ್‌ನಿಂದ ಪ್ರೋಲೀನ್ ಕಳಚಿಹೋಗುವುದು ಬೇರೆಯೇ ಕತೆ. ಅಲ್ಲಿ ಯಾವ ಬ್ಯಾಕ್ಟೀರಿಯಾವೂ ಏನನ್ನೂ ತಿದ್ದಿಕೊಂಡಿಲ್ಲ. ಜೀನಿನಲ್ಲಿ ಸುಮ್ನೆ ತಪ್ಪುಗಳಾದವು, ಅವುಗಳಲ್ಲಿ ಕೆಲವು ಚಳಿಯಲ್ಲಿ ಅನುಕೂಲಕ್ಕೆ ಬಂದವು, ಅವನ್ನು ಹೊತ್ತವು ಹೆಚ್ಚು ಮರಿ ಮಾಡಿದವು. ಲೆಕ್ಕವಿಲ್ಲದಷ್ಟು ಪೀಳಿಗೆಗಳ ಮಾತು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದ್ದೀರಿ.

ಇನ್ನೊಂದು ಮಾತು. ಈ ಸಡಿಲತನಕ್ಕೆ ತೆತ್ತ ಬೆಲೆಯೇ ಶಾಖ ತಡೆಯದಿರುವುದು ಎಂದು ಬರೆಯಲು ನಿಮಗೆ ಆಸೆಯಾಗುತ್ತದೆ. ತಡೆಯಿರಿ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಂಟಾರ್ಕ್ಟಿಕಾದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಸಬ್ಟಿಲಿಸಿನ್ ಕಿಣ್ವವನ್ನು ಲ್ಯಾಬಿನಲ್ಲಿ ಬದಲಿಸುತ್ತಾ ಹೋದರು. ಅದು ಶಾಖವನ್ನೂ ತಾಳಿತು, ಚಳಿಯ ಚುರುಕನ್ನೂ ಕಳೆದುಕೊಳ್ಳಲಿಲ್ಲ. ಹಾಗಾದರೆ ಹಿಮದಲ್ಲಿ ಶಾಖ ತಾಳುವ ಗುಣ ಯಾರಿಗೂ ಬೇಕಿರಲಿಲ್ಲ, ಅದಕ್ಕೇ ಹೋಯಿತು ಅಂತಲೂ ಇರಬಹುದು. ಈ ಅನುಮಾನವನ್ನು ಅನುಮಾನವಾಗಿಯೇ ಬರೆಯಿರಿ, ಓದುಗರು ಬೇಸರ ಪಡುವುದಿಲ್ಲ.

ಅಮೈಲೇಸ್‌ನಿಂದ ಶುರು ಮಾಡಿ ನಾಲ್ಕನೇ ಪ್ಯಾರಾವನ್ನು ಎರಡು ಪುಟಕ್ಕೆ ಬೆಳೆಸಿ. ಮೊದಲ ಮೂರು ಪ್ಯಾರಾ ಕಿತ್ತುಹಾಕಿ, ಅವುಗಳಲ್ಲಿ ಏನೂ ಇಲ್ಲ. ಬರೆದಾದ ಮೇಲೆ ನನಗೇ ಕಳಿಸಿ, ಬೇರೆಯವರ ಮೇಜಿಗೆ ಹೋಗುವುದು ಬೇಡ.