ಸಂಪಾದಕರ ಉತ್ತರ: ಮಲ್ಪೆಯಲ್ಲಿ ಕಂಡ ಹಸಿರು ಕಿಡಿ

ಮಲ್ಪೆಯ ದಂಡೆಯಲ್ಲಿ ಸೂರ್ಯ ಮುಳುಗುವ ಕೊನೇ ಗಳಿಗೆಯಲ್ಲಿ ಹಸಿರು ಕಿಡಿ ಕಂಡೆ, ಜೊತೆಗಿದ್ದವರಿಗೆ ಕಾಣಲಿಲ್ಲ, ಮೊಬೈಲ್ ವಿಡಿಯೊದಲ್ಲಿ ಬರೀ ಹಳದಿ ಚುಕ್ಕೆ ಇದೆ, ಇದು ಕಣ್ಣಿನ ಭ್ರಮೆಯೇ ಎಂದು ಕೇಳಿದ್ದೀರಿ. ಹಾಗೆಂದು ತಳ್ಳಿಹಾಕಬೇಡಿ. ಗ್ರೀನ್ ಫ್ಲ್ಯಾಶ್ ಎಂದು ಕರೆಯುವ ಈ ಹಸಿರು ಕಿಡಿ ನಿಜವಾಗಿಯೂ ಉಂಟು. 1950ರ ದಶಕದಲ್ಲೇ ವ್ಯಾಟಿಕನ್ ವೀಕ್ಷಣಾಲಯದವರು ಅದರ ಬಣ್ಣದ ಚಿತ್ರಗಳನ್ನು ತೆಗೆದಿದ್ದಾರೆ.

ದಿಗಂತದ ಬಳಿ ವಾತಾವರಣ ಬಿಸಿಲನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಬಾಗಿಸುತ್ತದೆ. ಕೆಂಪಿಗಿಂತ ಹಸಿರು ಹೆಚ್ಚು ಬಾಗುತ್ತದೆ, ನೀಲಿ ಇನ್ನೂ ಹೆಚ್ಚು. ನೀಲಿ ದಾರಿಯಲ್ಲೇ ಚದುರಿಹೋಗಿ ಸೂರ್ಯನ ಮೇಲಂಚಿನಲ್ಲಿ ಹಸಿರು ಗೆರೆಯೊಂದು ಉಳಿಯುತ್ತದೆ. ಅದು ಬರಿಗಣ್ಣಿಗೆ ಸಿಗದಷ್ಟು ತೆಳು. ಹಿಗ್ಗಿಸಿ ತೋರಿಸಲು ಮರೀಚಿಕೆ ಬೇಕು. ಗಾಳಿಗಿಂತ ನೀರು ಬೆಚ್ಚಗಿರುವ ಸಂಜೆ ಸೂರ್ಯನ ಕೆಳಗಿನಿಂದ ಇನ್ನೊಂದು ಬಿಂಬ ಮೇಲೆದ್ದು ಕೂಡಿಕೊಂಡು, ಅಡಿಪೀಠವಿರುವ ತಂಬಿಗೆಯ ಆಕಾರ ಬರುತ್ತದೆ. ಇದು ಕಂಡರೆ ಕಾದು ನಿಲ್ಲಿ. ಕೊನೆಗೆ ಉಳಿದ ಚೂರು ತನ್ನ ಪ್ರತಿಬಿಂಬದೊಂದಿಗೆ ಸೇರಿ, ಎರಡೂ ತುದಿಗಳಿಂದ ಹಸಿರಾಗುತ್ತಾ ಬಂದು, ಒಂದೆರಡು ಸೆಕೆಂಡಿನಲ್ಲಿ ಆರಿಹೋಗುತ್ತದೆ.

ಮೋಸ ಹೋಗುವುದು ಇಲ್ಲೇ. ಕೆಂಪು ಸೂರ್ಯನನ್ನೇ ದಿಟ್ಟಿಸುತ್ತಿದ್ದರೆ ಕಣ್ಣಿನ ಕೆಂಪು ಗ್ರಹಿಸುವ ಶಕ್ತಿ ಕುಂದಿ, ಹಳದಿಯೂ ಹಸಿರಾಗಿ ಕಾಣುತ್ತದೆ. ಮುಳುಗುವಾಗ ಕಂಡ ಎಷ್ಟೋ ಹಸಿರುಗಳು ಹೀಗೆ ಹುಟ್ಟಿದವು ಎಂದು ಅಮೆರಿಕದ ಖಗೋಳಶಾಸ್ತ್ರಜ್ಞ ಆಂಡ್ರ್ಯೂ ಯಂಗ್ ತೋರಿಸಿದ್ದಾರೆ. ಕಿಡಿ ನಿಮ್ಮ ನೋಟದ ಜೊತೆಗೇ ಸರಿದಾಡಿದ್ದರೆ, ಸೂರ್ಯ ಹೋದ ಮೇಲೂ ಉಳಿದಿದ್ದರೆ, ಅದು ಕಣ್ಣಿನದೇ. ಹಾಗಾಗಿ ಮೊದಲಿನಿಂದ ನೋಡುತ್ತಾ ಕೂರಬೇಡಿ. ಕಣ್ಣಿನ ಸುರಕ್ಷತೆಗೂ ಅದೇ ಸರಿ. ನಮ್ಮ ಕರಾವಳಿಯಲ್ಲಿ ಸೂರ್ಯನ ಕೆಳಂಚು ನೀರು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಅಷ್ಟು ಹೊತ್ತು ಬೆನ್ನು ಹಾಕಿ ನಿಂತು, ಉಗುರಿನಷ್ಟು ಚೂರು ಉಳಿದಾಗ ತಿರುಗಿ. ಯಾವಾಗ ತಿರುಗಬೇಕೆಂದು ಕ್ಯಾಮೆರಾ ಪರದೆ ನೋಡುತ್ತಿರುವ ಗೆಳೆಯರು ಹೇಳಲಿ. ಬೈನಾಕ್ಯುಲರ್ ಬೇಡವೇ ಬೇಡ.

ಮಬ್ಬುಗೆಂಪಾಗಿ ತಂಪಾಗಿ ಕಾಣುವ ಸೂರ್ಯ ಕ್ಯಾಲೆಂಡರ್ ಚಿತ್ರಕ್ಕೆ ಚೆನ್ನ, ಈ ಕೆಲಸಕ್ಕಲ್ಲ: ದೂಳು, ಮಂಜು ಹಸಿರನ್ನು ನುಂಗಿರುತ್ತವೆ. ನೀರು ಮುಟ್ಟುವಾಗಲೂ ಹಳದಿಯಾಗಿ ಕಣ್ಣು ಕುಕ್ಕುವ ದಿನವೇ ಒಳ್ಳೆಯದು. ಮಳೆಗಾಲ ಮುಗಿದು ಗಾಳಿ ತೊಳೆದಂತಿರುವಾಗ ಪ್ರಯತ್ನಿಸಿ. ದ್ವೀಪ, ದೋಣಿ, ದಿಗಂತದ ಮೋಡ ಅಡ್ಡ ಇರಬಾರದು.

ಒಂದು ಉಪಾಯವಿದೆ. ಮರಳ ಮೇಲೆ ಮಲಗಿ, ತಲೆ ತುಸುವೇ ಎತ್ತಿ ಕೊನೆಯ ಚೂರು ಮುಳುಗುವುದನ್ನು ನೋಡಿ, ತಕ್ಷಣ ಎದ್ದು ನಿಲ್ಲಿ. ಕಣ್ಣು ಮೇಲೇರಿದಷ್ಟೂ ದಿಗಂತ ಕೆಳಗಿಳಿಯುವುದರಿಂದ ನಾಲ್ಕೈದು ಸೆಕೆಂಡು ಹೆಚ್ಚು ದಕ್ಕುತ್ತದೆ, ಅದೇ ಸೂರ್ಯ ಇನ್ನೊಮ್ಮೆ ಮುಳುಗುತ್ತಾನೆ.

ಇನ್ನು ನಿಮ್ಮ ವಿಡಿಯೊ. ಮೊಬೈಲಿನ ಮಾಮೂಲಿ ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಬೀಳುವ ಸೂರ್ಯನ ಬಿಂಬ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, 400 ಮಿ.ಮೀ. ಲೆನ್ಸಿನಲ್ಲಿ ಮೂರೂವರೆ ಮಿಲಿಮೀಟರ್. ಅದರ ಮೇಲೆ ಆಟೊ ಎಕ್ಸ್‌ಪೋಷರ್, ಹೊರಗೆ ಬೆಳಕು ಕುಂದಿದಂತೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು ತಾನೇ ಹೆಚ್ಚಿಸಿ ಹಸಿರನ್ನು ಬೆಳ್ಳಗೆ ಮಾಡಿಬಿಡುತ್ತದೆ. ಟ್ರೈಪಾಡ್ ಹಾಕಿ, ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟಿಗೆ ಕಟ್ಟಿ, ಎಕ್ಸ್‌ಪೋಷರ್ ಕೈಯಲ್ಲೇ ಇಳಿಸಿ. ವ್ಯೂಫೈಂಡರಿಗೆ ಕಣ್ಣಿಡದೆ ಪರದೆಯಲ್ಲೇ ನೋಡಿ. ಅದರಲ್ಲೂ ಹಸಿರು ಬಂದರೆ ಆ ತುಣುಕನ್ನು ನಮಗೆ ಕಳಿಸಿ, ಪ್ರಕಟಿಸುತ್ತೇವೆ.