ಕೋಣೆಯೊಳಗೆ 12 ಗಂಟೆ ಸೈಕಲ್

ಪ್ರಶ್ನೆ: ಟ್ರೈನರ್ (ನಿಂತಲ್ಲೇ ತುಳಿಯಲು ಸೈಕಲ್ ಹಿಡಿದಿಡುವ ಸಾಧನ) ಮೇಲೆ ಸೈಕಲ್ ಕೂರಿಸಿ ಸತತ 12 ಗಂಟೆ ತುಳಿಯುವ ಆಸೆ. ರಸ್ತೆಯಲ್ಲಿ 8 ಗಂಟೆ ಸಲೀಸು. ಒಳಗೆ ಮಾತ್ರ ನಾಲ್ಕನೇ ಗಂಟೆಗೇ ಎದೆಬಡಿತ ಏರುತ್ತದೆ, ಕೂತ ಜಾಗ ಉರಿಯುತ್ತದೆ. ಏಕೆ?

ಉತ್ತರ: ಮುಖ್ಯ ಕಾರಣ ಶಾಖ. ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗುತ್ತದೆ. ರಸ್ತೆಯಲ್ಲಿ ಎದುರುಗಾಳಿ ಅದನ್ನು ಹೊತ್ತೊಯ್ಯುತ್ತದೆ; ಕೋಣೆಯಲ್ಲಿ ಬೆವರು ಆರದೆ ಸುಮ್ಮನೆ ತೊಟ್ಟಿಕ್ಕುತ್ತದೆ. ರಕ್ತ ಚರ್ಮದ ಕಡೆಗೆ ತಿರುಗುತ್ತದೆ, ನೀರು ಕಳೆದು ರಕ್ತದ ಪ್ರಮಾಣವೂ ತಗ್ಗುತ್ತದೆ. ಹಾಗಾಗಿ ಅಷ್ಟೇ ವ್ಯಾಟ್‌ಗೆ (ತುಳಿತದ ಶಕ್ತಿಯ ಅಳತೆ) ಹೃದಯ ಹೆಚ್ಚು ಬಡಿಯಬೇಕು. ಕಿಟಕಿ ತೆರೆದು, ಎದೆಗೊಂದು ಬೆನ್ನಿಗೊಂದು ಜೋರಾದ ಫ್ಯಾನ್ ಇಡಿ. ದುಬಾರಿ ಟ್ರೈನರ್‌ಗಿಂತ ಇದೇ ಮೇಲು.

ಎಷ್ಟು ಜೋರಾಗಿ ತುಳಿಯಬೇಕೆಂಬ ಲೆಕ್ಕ ಸರಳ: ಒಂದು ಗಂಟೆ ತಾಳಬಲ್ಲ ಗರಿಷ್ಠ 200 ವ್ಯಾಟ್ ಇದ್ದರೆ, ಇಲ್ಲಿ 100–120 ಸಾಕು. ಬಡಿತ ಏರುತ್ತಲೇ ಹೋದರೆ ವ್ಯಾಟ್ ಇಳಿಸಿ.

ನೀರಿಗೆ ಮೊದಲೇ ಅಳತೆ ಮಾಡಿಕೊಳ್ಳಿ. ಒಂದು ಗಂಟೆ ಏನೂ ಕುಡಿಯದೆ ತುಳಿದು, ಮುಂಚೆ ಮತ್ತು ನಂತರ ಮೈ ಒರೆಸಿ ತೂಕ ನೋಡಿ. 700 ಗ್ರಾಂ ಇಳಿದರೆ ಬೆವರು ಸುಮಾರು 700 ಮಿ.ಲೀ. ಗಂಟೆಗೆ ಅದಕ್ಕಿಂತ ಹೆಚ್ಚು ಕುಡಿಯಬೇಡಿ. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಕುಸಿಯುತ್ತದೆ. ತೂಕ ಏರಿ, ತಲೆನೋವು, ವಾಂತಿ, ಗೊಂದಲ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಹಾರದಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್. 90 ಬೇಕೆಂದರೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಇರಲಿ, ಹೊಟ್ಟೆಗೆ ವಾರಗಟ್ಟಲೆ ರೂಢಿ ಮಾಡಿಸಿ.

ಕೂತ ಜಾಗದ ಉರಿಗೆ ಕಾರಣ, ಅಲುಗದ ಸೈಕಲ್; ಭಾರ ಒಂದೇ ಕಡೆ ಬೀಳುತ್ತದೆ. ಪ್ರತಿ 10 ನಿಮಿಷಕ್ಕೆ ಅರ್ಧ ನಿಮಿಷ ಎದ್ದು ನಿಂತು ತುಳಿಯಿರಿ, ಒದ್ದೆ ಶಾರ್ಟ್ಸ್ ಬದಲಿಸಿ.