ತೋಳನಾಯಿಗೆ ಮನುಷ್ಯನ ಪ್ರೀತಿ ಸಾಲದೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ತೋಳನಾಯಿಗಳ (ತೋಳ ಮತ್ತು ನಾಯಿಯ ಮಿಶ್ರತಳಿ) ಆಶ್ರಯಧಾಮದ ಬಗ್ಗೆ ಓದಿದೆ. ಸರಪಳಿ ಬಿಚ್ಚಿ ಮತ್ತೆ ಬೇಲಿಯೊಳಗೆ ಹಾಕುವುದು ಎಂಥ ರಕ್ಷಣೆ? ಕಾಡಿಗೆ ಬಿಡಬಹುದಲ್ವಾ? ಅದಕ್ಕೊಂದು ಜೊತೆ ಹುಡುಕಲು ಅಷ್ಟೆಲ್ಲ ಒದ್ದಾಡುವುದೂ ಅತಿಯಾಯಿತು ಅನ್ನಿಸಿತು. ಪ್ರೀತಿಸುವ ಮನುಷ್ಯ ಸಾಲದೇ? ನನಗೂ ಒಂದು ಮರಿ ತಂದು ಸಾಕುವ ಆಸೆಯಿದೆ. ಮತ್ತೆ, ಎರಡು ಒಟ್ಟಿಗಿದ್ದರೆ ಊಟಕ್ಕೆ ಕಚ್ಚಾಡುವುದಿಲ್ಲವೇ? (ಓದುಗರೊಬ್ಬರು, ದಾವಣಗೆರೆ)

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಾಣಿಯ ಮೇಲಿನ ಕಾಳಜಿಯಿಂದಲೇ ಕೇಳಿದ್ದೀರಿ, ಹಾಗಾಗಿ ನಾನೂ ಮನಸ್ಸು ಬಿಚ್ಚಿ ಬರೆಯುತ್ತೇನೆ.

ಮೊದಲು ಕಾಡಿನ ಮಾತು. ಅಲಾಸ್ಕಾದಲ್ಲಿ ರಸ್ತೆ ಬದಿಯ ಪ್ರದರ್ಶನವೊಂದರಲ್ಲಿ ಸರಪಳಿಗೆ ಕಟ್ಟಿಟ್ಟಿದ್ದ 29 ತೋಳನಾಯಿಗಳನ್ನು 2011ರಲ್ಲಿ ಕ್ಯಾಲಿಫೋರ್ನಿಯಾದ ಲಾಕ್‌ವುಡ್ ಆಶ್ರಯಧಾಮಕ್ಕೆ ತಂದರು. ಇಂಥವುಗಳಿಗೆ ಬೇಟೆ ಕಲಿಸುವ ತಾಯಿಯೂ ಇರಲಿಲ್ಲ, ಗುಂಪೂ ಇರಲಿಲ್ಲ. ಬಕೆಟ್ಟಿನ ಸದ್ದಾದರೆ ಊಟ ಅಂತ ಗೊತ್ತು, ಅಷ್ಟೇ. ಕಾಡಿಗೆ ಬಿಟ್ಟರೆ ಹಸಿವಿಗೆ ಸಾಯುತ್ತವೆ, ಇಲ್ಲವೇ ಯಾರದೋ ಕುರಿದೊಡ್ಡಿಗೆ ನುಗ್ಗಿ ಗುಂಡಿಗೆ ಬಲಿಯಾಗುತ್ತವೆ. ಅಕಸ್ಮಾತ್ ಬದುಕಿದರೂ ಕಾಡಿನ ತೋಳಗಳ ಜೊತೆ ಕೂಡಿ ನಾಯಿಯ ರಕ್ತ ಬೆರೆಸುತ್ತವೆ. ಇದು ಅಲ್ಲಿಯದ್ದಷ್ಟೇ ಚಿಂತೆ ಅಂದುಕೊಳ್ಳಬೇಡಿ. ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ಬೇರೆಯದೇ ಬಣ್ಣದ ತೋಳವೊಂದು ಕಂಡಿತ್ತು. ಅದು ತೋಳ ಮತ್ತು ನಾಯಿಯ ಮಿಶ್ರಣ ಎಂದು ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಏಟ್ರೀ ಎಂಬ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳೂ ಇದ್ದ ತಂಡ ವಂಶವಾಹಿ ಪರೀಕ್ಷೆಯಿಂದ ತೋರಿಸಿ, 2023ರಲ್ಲಿ ಪ್ರಕಟಿಸಿತು. ಬೀದಿನಾಯಿಗಳು ಜಾಸ್ತಿಯಾದಷ್ಟೂ ನಮ್ಮ ತೋಳಗಳಿಗೆ ಈ ಅಪಾಯ ಹತ್ತಿರವಾಗುತ್ತದೆ.

ಅಂದರೆ ಮನೆಗೂ ಸಲ್ಲದ, ಕಾಡಿಗೂ ಸಲ್ಲದ ಪ್ರಾಣಿ ಇದು. ಅದರ ತಪ್ಪೇನೂ ಇಲ್ಲ, ನಾವು ಹಾಗೆ ಹುಟ್ಟಿಸಿದ್ದೇವೆ. ನಮ್ಮ ಕೈಯಲ್ಲಿ ಅದಕ್ಕೆ ಹಿಂದಿರುಗಿಸಲು ಉಳಿದಿರುವುದು ಒಂದೇ, ಅದರ ಭಾಷೆ ಬಲ್ಲ ಇನ್ನೊಂದು ಜೀವ.

ನಮ್ಮ ಮನೆಯಲ್ಲಿ ಕರಿಯ, ಕೆಂಚ ಅಂತ ಎರಡು ನಾಯಿಗಳಿದ್ದವು. ಒಂದೇ ಗೋಣಿಚೀಲದ ಮೇಲೆ ಮಲಗುತ್ತಿದ್ದವು. ಕರಿಯ ಸತ್ತ ಮೇಲೆ ಕೆಂಚ ಎಷ್ಟೋ ದಿನ ಚೀಲದ ಅರ್ಧ ಜಾಗ ಖಾಲಿ ಬಿಟ್ಟು, ಅಂಚಿಗೆ ಮುದುಡಿ ಮಲಗುತ್ತಿತ್ತು. ನಾವೆಲ್ಲ ಇದ್ದೆವು, ಮುದ್ದು ಮಾಡುತ್ತಿದ್ದೆವು. ಆ ಅರ್ಧ ಚೀಲ ತುಂಬುವುದು ನಮ್ಮಿಂದ ಆಗಲಿಲ್ಲ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ನಾಯಿಯ ಪಾಡೇ ಹೀಗಿದ್ದರೆ, ಗುಂಪಿನಲ್ಲೇ ಹುಟ್ಟಿ ಗುಂಪಿನಲ್ಲೇ ಬೇಟೆಯಾಡಿ ಬದುಕುವ ತೋಳದ ರಕ್ತ ಹೊತ್ತ ಪ್ರಾಣಿ ಒಂಟಿಯಾಗಿ ಸರಪಳಿಯಲ್ಲಿ ವರ್ಷಗಟ್ಟಲೆ ಕಳೆಯುವುದನ್ನು ನೆನೆಸಿಕೊಳ್ಳಿ.

ಜೊತೆ ಮಾಡುವುದು ನಿಧಾನದ ಕೆಲಸ, ಅದಕ್ಕೇ ನಿಮಗೆ ಒದ್ದಾಟ ಅನ್ನಿಸಿರಬೇಕು. ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು ಆರಿಸುತ್ತಾರೆ. ಮರಿಯಾಗದಂತೆ ಆಪರೇಷನ್ ಮೊದಲೇ ಆಗಿರುತ್ತದೆ. ಮೊದಲು ಅಕ್ಕಪಕ್ಕದ ಆವರಣದಲ್ಲಿ ಬಿಡುತ್ತಾರೆ, ನಡುವೆ ತಂತಿ ಬೇಲಿ. ಒಂದು ಬೇಲಿಗುಂಟ ನಡೆದರೆ ಇನ್ನೊಂದೂ ಆಚೆಯಿಂದ ಹೆಜ್ಜೆ ಹಾಕುತ್ತದೆ. ಬಾಲ ನೆಟ್ಟಗಿದೆಯೋ ಸಡಿಲವಾಗಿದೆಯೋ, ಕಿವಿ ಹಿಂದಕ್ಕೆ ಹೋಗಿದೆಯೋ ಅಂತ ನೋಡಿಕೊಳ್ಳುವವರು ದಿನವೂ ಗಮನಿಸುತ್ತಾರೆ. ಮೂತಿ ತಂತಿಗೆ ಒತ್ತಿ ಸಣ್ಣಗೆ ಕುಂಯ್‌ಗುಟ್ಟಿದರೆ, ಮುಂಗಾಲು ನೆಲಕ್ಕೂರಿ ಹಿಂಭಾಗ ಎತ್ತಿ ಆಟಕ್ಕೆ ಕರೆದರೆ ಒಳ್ಳೆಯ ಸೂಚನೆ. ಬೇಲಿಯ ಈಚೆಗೊಂದು ಆಚೆಗೊಂದು ಬೆನ್ನಿಗೆ ಬೆನ್ನು ತಾಗಿಸಿ ಮಲಗಿದವು ಅಂದರೆ ಗೇಟು ತೆಗೆಯುವ ಹೊತ್ತು ಬಂತು ಅಂತಲೇ. ಕೆಲವಕ್ಕೆ ಕೂಡಿಬರುವುದೇ ಇಲ್ಲ. ಬೇರೆ ಜೊತೆ ಹುಡುಕುತ್ತಾರೆ.

ಮನುಷ್ಯನ ಪ್ರೀತಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಲಾಕ್‌ವುಡ್‌ನಲ್ಲೇ ಯುದ್ಧದಿಂದ ಮರಳಿದ, ಮನಸ್ಸು ನೊಂದ ಸೈನಿಕರನ್ನು ಈ ಪ್ರಾಣಿಗಳ ಆರೈಕೆಗೆ ಕರೆತಂದರು. ಮನಶ್ಶಾಸ್ತ್ರಜ್ಞೆ ಲೋರಿನ್ ಲಿಂಡ್ನರ್ ಅದರ ಹಿಂದಿದ್ದವರಲ್ಲಿ ಒಬ್ಬರು. ಯಾರ ಬಳಿ ಹೋಗಬೇಕು ಅನ್ನುವುದನ್ನು ಅಲ್ಲಿ ಪ್ರಾಣಿಗೇ ಬಿಡುತ್ತಿದ್ದರು. ನನಗೆ ತುಂಬಾ ಹಿಡಿಸಿದ್ದು ಅದೇ.

ಇನ್ನು ನಿಮ್ಮ ಆಸೆ. ದಯವಿಟ್ಟು ಬೇಡ. ಬೆಂಗಳೂರಿನಲ್ಲಿ ಯಾರೋ 50 ಕೋಟಿಗೆ ತೋಳನಾಯಿ ಕೊಂಡರು ಅಂತ 2025ರಲ್ಲಿ ದೊಡ್ಡ ಸುದ್ದಿಯಾಯಿತು, ಆಮೇಲೆ ಅದು ಸುಳ್ಳು ಅಂತಲೂ ವರದಿ ಬಂತು. ಆದರೆ ಆಸೆ ಮಾತ್ರ ಎಷ್ಟೋ ಜನರಲ್ಲಿ ಉಳಿಯಿತು. ಮರಿಯಾಗಿದ್ದಾಗ ಅದು ಮುದ್ದೇ. ಎರಡು ವರ್ಷದ ಹೊತ್ತಿಗೆ ಪ್ರಾಯಕ್ಕೆ ಬಂದು, ಸೋಫಾ ಹರಿದು, ಬೇಲಿಯಡಿ ಬಿಲ ತೋಡಿ, ಚಳಿಗಾಲದ ಬೆದೆಯಲ್ಲಿ ಯಜಮಾನನಿಗೇ ಗುರ್ ಅನ್ನುತ್ತದೆ. ಆಶ್ರಯಧಾಮಗಳಿಗೆ ಬರುವುದರಲ್ಲಿ ಈ ವಯಸ್ಸಿನವೇ ಜಾಸ್ತಿ. ತೋಳ ನೋಡುವ ಆಸೆಯಿದ್ದರೆ ನಿಮ್ಮ ಊರಿಂದ ತೀರಾ ದೂರವಲ್ಲದ ಕೊಪ್ಪಳ ಜಿಲ್ಲೆಯಲ್ಲೇ ಬಂಕಾಪುರ ತೋಳ ಧಾಮವಿದೆ.

ಊಟದ ಪ್ರಶ್ನೆ ಮರೆತಿಲ್ಲ. ಹೌದು, ಕಚ್ಚಾಡುತ್ತವೆ. ಅದಕ್ಕೇ ಮಾಂಸವನ್ನು ದೂರ ದೂರ ಎರಡು ಕಡೆ ಹಾಕುತ್ತಾರೆ. ಹೊಟ್ಟೆ ತುಂಬಿದ ಮೇಲೆ ಉಳಿದ ತುಂಡನ್ನು ಗುಂಡಿಯಲ್ಲಿಟ್ಟು ಮೂತಿಯಿಂದಲೇ ಮಣ್ಣು ಮುಚ್ಚುತ್ತವೆ. ಜೊತೆಯದು ಅದನ್ನು ದೂರದಿಂದ ನೋಡಿಟ್ಟುಕೊಂಡು, ಆಮೇಲೆ ಬಂದು ಅಗೆದು ತಿನ್ನುವುದೂ ಉಂಟು.